ಹಗೇವಿಗೆ ಹೇಳಿಕೊಂಡದ್ದು

ನನ್ನ ತಲೆಯೊಳಗೆ ಬೀಸುಕಲ್ಲು ತಿರುಗುತ್ತಿತ್ತು. ತಿರುಗಿಸುತ್ತಿದ್ದವರು ನಮ್ಮ ಅತ್ತೆ ಬಾಳಮ್ಮನವರು. ಸಾರಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ಸೆರಗು ಜಾರಿತು, ಕಾನ್ವೆಂಟಿನಲ್ಲಿ ಇದನ್ನೇ ಕಲಿಸಿದರೇ, ಹೀಗೆ ಬೆಳಗಿನಿಂದ ಸಂಜೆಯವರೆಗೆ. ನಿದ್ದೆ ಹೋಯಿತು, ಕೈ ನಡುಗಿತು, ಹಿತ್ತಲಲ್ಲಿ ತಂಬಿಗೆ ಬಿದ್ದರೂ ಎದೆ ಹಾರಿತು.

"ಹಿಂಗ ಆದ್ರ ಧಾರವಾಡಕ್ಕ ತೋರಸಬೇಕಾಗ್ತೈತಿ ನೋಡು," ಎಂದರು ಪತಿರಾಯ ಗುರುಲಿಂಗಪ್ಪನವರು. ಸಿಂದಗಿಯಲ್ಲಿ ಧಾರವಾಡಕ್ಕೆ ತೋರಿಸುವುದೆಂದರೆ ಹುಚ್ಚಾಸ್ಪತ್ರೆಗೇ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಮೊದಲು ನಿಜಾಮುದ್ದೀನ ಡಾಕ್ಟರರಲ್ಲಿಗೆ ಕರೆದೊಯ್ದರು.

"ಎಲ್ಲಾ ಮನಸಿನ್ಯಾಗ ತುಂಬಿ ಇಟ್ಟೀರಿ ಬಾಯಾರ. ಯಾರ ಮುಂದರ ಹೇಳಿ ಖಾಲಿ ಮಾಡ್ರಿ. ಕಡಿಮಿ ಆಗಲಿಲ್ಲಂದ್ರ ಧಾರವಾಡಕ್ಕ ಚೀಟಿ ಬರದು ಕೊಡ್ತೇನಿ."

ಯಾರ ಮುಂದೆ? ಇಲ್ಲಿ ಒಬ್ಬರ ಕಿವಿಗೆ ಹಾಕಿದ್ದು ಮೋರಟಗಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತದೆ. ಕಾನ್ವೆಂಟಿನಲ್ಲಿ ಇದಕ್ಕೆಂದೇ, ಪಾದ್ರಿಯ ಕಿವಿಗೆ ಪಾಪ ಹೇಳಿಕೊಳ್ಳಲು, ಜಾಲರಿಯ ಪೆಟ್ಟಿಗೆಯಿತ್ತು (ಕ್ರೈಸ್ತರಲ್ಲದ ನಮ್ಮಂಥ ಹುಡುಗಿಯರಿಗೆ ಒಳಗೆ ಪ್ರವೇಶವಿರಲಿಲ್ಲ, ಆಸೆ ಮಾತ್ರ ಇತ್ತು). ನಮ್ಮ ಮನೆಯಲ್ಲಿದ್ದದ್ದು ಹಗೇವು, ಪಡಸಾಲೆಯ ನೆಲದಡಿ ಜೋಳ ತುಂಬಿಡುವ ಆಳವಾದ ಕುಣಿ. ಹೊಸ ಜೋಳ ಬರುವ ಮುನ್ನ ಅದನ್ನು ಬರಿದು ಮಾಡಿ, ಗಾಳಿಯಾಡಲು ಬಾಯಿ ತೆರೆದಿಟ್ಟಿದ್ದರು. ಹಗೆ ತೋಡಿಕೊಳ್ಳಲು ಹಗೇವಿಗಿಂತ ತಕ್ಕ ಜಾಗ ಯಾವುದು?

ಮಧ್ಯಾಹ್ನ ಅತ್ತೆ ಎಲೆ ಅಡಿಕೆಗೆಂದು ನೆರೆಮನೆಯ ಪೀರಬಿಯವರಲ್ಲಿಗೆ ಹೋದ ಮೇಲೆ, ನಾನು ಬೋರಲು ಮಲಗಿ ಕುಣಿಯೊಳಗೆ ಮುಖವಿಟ್ಟೆ. ಹಳೆಯ ಜೋಳದ ತಣ್ಣನೆಯ ವಾಸನೆ. ಅದರ ಕೆಳಗೆ ಬರೀ ಕತ್ತಲೆ.

"ಕೋಳಿ ಕೂಗೂ ಮೊದಲ ಬೀಸಾಕ ಎಬ್ಬಸ್ತಾಳ," ಎಂದೆ. (ಕುಣಿಯ ಮುಂದೆ ಅತ್ತೆಗೆ ಬಹುವಚನವೇಕೆ?)

ಕೆಳಗೆ ಏನೋ ಉಸಿರೆಳೆದುಕೊಂಡಿತು.

ಮರುದಿನ ಎಚ್ಚರವಾದಾಗ ಬಿಸಿಲು ಬಂದಿತ್ತು. ಅತ್ತೆಯೇ ಬೀಸುತ್ತಿದ್ದರು. ನನ್ನತ್ತ ತಿರುಗಲಿಲ್ಲ.

ಉಪ್ಪಿನ ದೂರು ಹೇಳಿದೆ. ಆ ಸಂಜೆ ನಾನು ಉಪ್ಪು ಹಾಕುವುದನ್ನೇ ಮರೆತ ಸಾರನ್ನು ಅತ್ತೆ ತುಟಿಪಿಟಕ್ಕೆನ್ನದೆ ಉಂಡರು. ಸೆರಗಿನದು ಹೇಳಿದೆ, ಅವರ ಕಣ್ಣು ನನ್ನ ಮೇಲೆ ಬೀಳುವುದೇ ನಿಂತಿತು. ನನಗೆ ನಿದ್ದೆ ಬರತೊಡಗಿತು, ಜೊತೆಗೆ ಅಂಜಿಕೆಯೂ ಹುಟ್ಟಿತು. ಕೇಳಿದ್ದನ್ನೆಲ್ಲ ಕೊಡುವ ಕುಣಿ ಬದಲಿಗೆ ಏನು ಕೇಳೀತು? ಅತ್ತೆ ಬಿಳಿಚಿಕೊಂಡು, ಹೆಜ್ಜೆಯ ಸಪ್ಪಳವಿಲ್ಲದೆ, ನೆರಳಿನಂತೆ ಮನೆಯೊಳಗೆ ಸುಳಿಯುತ್ತಿದ್ದರು. ಗಂಡನಿಗೆ ಹೇಳೋಣವೆಂದರೆ ಧಾರವಾಡ.

ಅಂಜಿಕೆ ದೊಡ್ಡದು, ಆಸೆ ಅದಕ್ಕಿಂತ ದೊಡ್ಡದು. ಮತ್ತೆ ಬೋರಲಾದೆ.

"ಅತ್ತೀನ್ನ ಒಂದಿಷ್ಟು ದಿನ ಯಂಕಂಚಿಗೆ, ಮೈದುನನ ಮನಿಗೆ ಕಳಸು."

ಆಳದಿಂದ ಗೊಗ್ಗರು ದನಿಯೊಂದು ಮೆಲ್ಲಗೆ ಏರಿಬಂತು.

"ಯಂಕಂಚಿಗೆ ಹೋಗಂಗಿಲ್ಲ."

ನಾನು ಕುಣಿಯ ಅಂಚು ಹಿಡಿದು ಏಳಹೊರಟೆ. ಅಷ್ಟರಲ್ಲಿ ಇನ್ನೊಂದು ದನಿ, "ನೀ ಯಾಕ ಬಾಯಿ ಬಿಟ್ಟಿ ಬಾಳಮ್ಮ? ಸುಮ್ಮ ಕುಂತು ಕೇಳೂದಂತ ಮಾತಾಗಿತ್ತಿಲ್ಲ?" ಎಂದಿತು. ಪೀರಬಿಯವರದು.

ಅವರ ಹಗೇವೂ ನಮ್ಮ ಗೋಡೆಯಾಚೆಗೇ ಇತ್ತು. ನಡುವಿನ ಮಣ್ಣನ್ನು ಹೆಗ್ಗಣಗಳು ಕೊರೆದು ಹೆದ್ದಾರಿ ಮಾಡಿದ್ದವು. ಅತ್ತೆ ದಿನವೂ ಎಲೆ ಅಗಿಯುತ್ತ ಆಚೆಯ ಹಗೇವಿನ ಬಾಯಿಗೆ ಕಿವಿಯಿಟ್ಟು ಕೂತಿದ್ದರು.

"ಏಳಬ್ಯಾಡವಾ," ಎಂದರು ಅತ್ತೆ ಭೂಗರ್ಭದಿಂದ. "ನಿಂದೆಲ್ಲಾ ಕೇಳೇನಿ, ತಿದ್ದಿಕೊಂಡೇನಿ. ಕೇಳಿ ಕೇಳಿ ನನ್ನ ನಿದ್ದಿ ಹೋಗೇತಿ. ಡಾಕ್ಟರ ನನಗೂ ಅದನ್ನ ಹೇಳ್ಯಾನ, ಯಾರ ಮುಂದರ ಹೇಳಿ ಖಾಲಿ ಮಾಡ್ರಿ ಅಂತ. ಈಗ ನೀ ಕಿವಿ ಕೊಡು."

ಅವರು ತಮ್ಮ ಅತ್ತೆಯಿಂದ ಶುರುಮಾಡಿದರು. ಹೊಸ ಜೋಳ ಬಂದು ಚೀಲಗಳು ಪಡಸಾಲೆಯಲ್ಲೇ ನಿಂತಿವೆ. ಹಗೇವು ತುಂಬಲು ಅತ್ತೆ ಬಿಡುತ್ತಿಲ್ಲ, ಕಥೆ ಇನ್ನೂ ಅವರ ಮದುವೆಯ ಚಪ್ಪರ ದಾಟಿಲ್ಲ. ಅವರಿಗೀಗ ಸೊಗಸಾದ ನಿದ್ದೆ. ನನ್ನ ಕೈ ಮತ್ತೆ ನಡುಗುತ್ತಿದೆ.

ಡಾಕ್ಟರರಿಗೆ ಚೀಟಿ ಬರೆದುಕೊಡಲು ನಾನೇ ಹೇಳಿ ಕಳಿಸಿದ್ದೇನೆ. ಧಾರವಾಡದ ಆ ಆಸ್ಪತ್ರೆಯಲ್ಲಿ ಹಗೇವು ಇರಲಿಕ್ಕಿಲ್ಲ.