ಇಲ್ಲಪ್ಪನವರ ಜೋಡಿ

ಗಂಟೆ ಹೊಡೆದ ಕೂಡಲೇ ಎದ್ದು ಹೊರಗೆ ಓಡುವುದು ಶಾಲೆಯ ಮಕ್ಕಳ ಲಕ್ಷಣ, ಸಂಸತ್ ಸದಸ್ಯನದಲ್ಲ. ಆದರೂ ಇಲ್ಲಪ್ಪನವರಿಗೆ ಇಳಿವಯಸ್ಸಿನಲ್ಲಿ ಒದಗಿದ್ದು ಅದೇ ಗತಿ. (ಇಲ್ಲಪ್ಪ ಎಂಬುದು ಅವರ ಹೆಸರಲ್ಲ. ಆಳುವ ಪಕ್ಷ ಏನೇ ತರಲಿ, ಓದುವ ಮೊದಲೇ ‘ಇಲ್ಲ’ ಎಂದು ಮತ ಹಾಕಿ ಸಂಪಾದಿಸಿದ ಬಿರುದು.)

ತಪ್ಪು ಅವರ ನಾಲಿಗೆಯದು. ಆಳುವ ಪಕ್ಷದ ತರುಣ ಸದಸ್ಯೆಯೊಬ್ಬಳು ಚೊಚ್ಚಲ ಹೆರಿಗೆ ಮುಗಿಸಿ ಸದನಕ್ಕೆ ಮರಳಿದ್ದಳು. ಮಗುವಿಗೆ ಹಸಿವಾಗುವ ಹೊತ್ತಿಗೇ ಮತದಾನದ ಗಂಟೆ ಹೊಡೆಯುತ್ತದೆ, ಏನಾದರೂ ಏರ್ಪಾಡು ಮಾಡಿ ಎಂದು ಕೇಳಿಕೊಂಡಳು. ಇಲ್ಲಪ್ಪನವರು ಎದ್ದು ನಿಂತು, "ಇದು ಸದನವೋ, ಬಾಣಂತಿ ಕೋಣೆಯೋ?" ಎಂದು ಗುಡುಗಿದರು. ಮರುದಿನ ದೇಶದ ತಾಯಂದಿರೆಲ್ಲ ಅವರ ಪಕ್ಷಕ್ಕೆ ಹಿಡಿಶಾಪ ಹಾಕಿದರು.

ಪಕ್ಷದ ಸಚೇತಕ, ಎಂದರೆ ಮತದಾನದ ಹೊತ್ತಿಗೆ ತನ್ನವರನ್ನೆಲ್ಲ ಕುರಿಗಳಂತೆ ಎಣಿಸಿ ಒಳಗೆ ಅಟ್ಟುವ ಮಹಾಶಯ, ಇವರನ್ನು ಕರೆಸಿದ.

"ನೀವೇ ಹಚ್ಚಿದ ಬೆಂಕಿ, ನೀವೇ ಆರಿಸಿ. ಇವತ್ತಿಂದ ನೀವು ಆಕೆಯ ಜೋಡಿ."

ಜೋಡಿ ಎಂಬುದು ಸದನದ ಹಳೆಯ ಪದ್ಧತಿ. ಆಕೆ ಮಗುವಿಗಾಗಿ ಹೊರಗಿದ್ದಾಗ ಮತದಾನ ಬಂದರೆ, ಎದುರು ಪಕ್ಷದ ಇವರೂ ಹೊರಗೆ ಬೆಂಚಿನ ಮೇಲೆ ಕೂತಿರಬೇಕು. ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದು ಕಡಿಮೆ, ತಕ್ಕಡಿ ಸಮ. ಚರ್ಚೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಎಲ್ಲೂ ಬರೆದಿಲ್ಲ, ಕೊಟ್ಟ ಮಾತಿನ ಮೇಲೆ ನಡೆಯುವ ವ್ಯವಹಾರ.

ಮನೆಯಲ್ಲಿ ಈ ಗೋಳನ್ನು ಕೇಳಲು ಇದ್ದವಳು ಅಕ್ಕ ಒಬ್ಬಳೇ.

"ಒಳಗಿನ ಬೆಂಚಿಂದ ಹೊರಗಿನ ಬೆಂಚಿಗೆ ಬಂದೆ ನೀನು," ಎಂದಳು ಆಕೆ. "ಇನ್ನು ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿಕೊಡ್ತಾರೆ ಬಿಡು."

"ಅಕ್ಕಾ, ಇದು ಪ್ರಜಾಪ್ರಭುತ್ವದ ಪ್ರಶ್ನೆ..."

ಅಕ್ಕ ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಮನೆಯಲ್ಲಿ ಚರ್ಚೆ ಮುಕ್ತಾಯವಾಗುತ್ತಿದ್ದುದು ಹಾಗೆ. ಆಮೇಲೆ ಇಲ್ಲಪ್ಪನವರು ಗೋಡೆಯೊಂದಿಗೆ ಊಟ ಮಾಡುತ್ತಿದ್ದರು.

ಮೊಗಸಾಲೆಯ ತುದಿಯಲ್ಲಿ ಹಾಲೂಡಿಸಲು ಬಿಟ್ಟುಕೊಟ್ಟ ಸಣ್ಣ ಕೋಣೆ, ಅದರ ಹೊರಗೆ ಮರದ ಬೆಂಚು. ಮೊದಲ ದಿನ ಗಂಟೆ ಹೊಡೆಯಿತು, ಸದಸ್ಯರೆಲ್ಲ ದಡದಡ ಒಳಗೆ ಓಡಿದರು, ಬಾಗಿಲು ಮುಚ್ಚಿತು. ತಾನಿಲ್ಲದೆ ಸದನ ಒಂದು ಕ್ಷಣವೂ ತಡವರಿಸಲಿಲ್ಲ ಎಂಬುದು ಇಲ್ಲಪ್ಪನವರಿಗೆ ಚುಚ್ಚಿತು. ಅಷ್ಟರಲ್ಲಿ ತರುಣ ತಾಯಿ ಚೀರುವ ಮಗುವಿನೊಂದಿಗೆ ಆ ಕೋಣೆಯಿಂದ ಹೊರಬಂದು, ದಪ್ಪನೆಯ ಚೀಲವೊಂದನ್ನು ಬೆಂಚಿನ ಅರ್ಧಕ್ಕೆ ಒಗೆದಳು.

"ಸರ್, ಸ್ವಲ್ಪ ಹಿಡ್ಕೊಳ್ಳಿ. ಕೈ ತೊಳ್ಕೊಂಡು ಬಂದೆ."

"ನಾನಾ? ನನಗೆ ಅಭ್ಯಾಸ ಇಲ್ಲಮ್ಮ!"

"ಮಗುವಿಗೂ ಅಭ್ಯಾಸ ಇಲ್ಲ," ಎಂದು ಆಕೆ ಕೂಸನ್ನು ಅವರ ಕೈಗಿಟ್ಟಳು.

ಲಾಲಿ ಹಾಡು ಅವರಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ: ಒಳಚರಂಡಿಗಳ ದುಸ್ಥಿತಿಯ ಕುರಿತ ಭಾಷಣ. ವರ್ಷಾನುಗಟ್ಟಲೆ ತಯಾರಿದ್ದರೂ ಯಾವ ಸಭಾಧ್ಯಕ್ಷರೂ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. "ಮಾನ್ಯ ಅಧ್ಯಕ್ಷರೇ," ಎಂದು ಅವರು ಮಗುವಿನ ಮುಖಕ್ಕೆ ಶುರುಮಾಡಿದರು. ಮಗು ಅಳು ನಿಲ್ಲಿಸಿ ಅವರನ್ನೇ ದಿಟ್ಟಿಸಿತು. ಎರಡನೆಯ ವಾಕ್ಯಕ್ಕೂ ದಿಟ್ಟಿಸಿತು. ತಮ್ಮ ರಾಜಕೀಯ ಜೀವನದಲ್ಲಿ ಎರಡನೆಯ ವಾಕ್ಯದಾಚೆ ಉಳಿದ ಶ್ರೋತೃವನ್ನು ಇಲ್ಲಪ್ಪನವರು ಕಂಡದ್ದು ಅಂದೇ. ಕಾಲುವೆಗಳ ಹೂಳು ಬರುವ ಹೊತ್ತಿಗೆ ಮಗು ನಿದ್ದೆಹೋಗಿತ್ತು. (ಅದನ್ನವರು ಸಮ್ಮತಿ ಎಂದು ಬಗೆದರು.)

ಆಮೇಲೆ ಅವರು ಗಂಟೆಗಾಗಿ ಕಾಯತೊಡಗಿದರು. ಹೂಳಿನ ಭಾಗವನ್ನು ಮಗುವಿಗೋಸ್ಕರ ತಿದ್ದಿ ಹಿಗ್ಗಿಸಿದರು. ಅಕ್ಕನಿಗೆ ಮಾತ್ರ, "ಶಿಕ್ಷೆ ಅನುಭವಿಸ್ತಿದ್ದೀನಿ," ಎಂದೇ ಹೇಳುತ್ತಿದ್ದರು.

ಒಂದು ದಿನ ಮಗುವಿಗೆ ಜ್ವರ. ಮೈ ಸುಡುತ್ತಿದ್ದ ಕೂಸನ್ನು ಆ ಥಂಡಿ ಹೊಡೆಯುವ ಮೊಗಸಾಲೆಗೆ ಹೊತ್ತು ತಂದಿದ್ದ ತಾಯಿಯ ಮೇಲೆ ಇಲ್ಲಪ್ಪನವರು ರೇಗಿದರು.

"ಬುದ್ಧಿ ಇದೆಯಾ ನಿನಗೆ? ಮನೇಲಿರಬಾರದಾ?"

"ದಿನವೆಲ್ಲ ಮನೇಲಿದ್ರೆ ರಜೆ ಅಂತ ಲೆಕ್ಕ, ಜೋಡಿ ಸಿಗಲ್ಲ. ನನ್ನ ಮತ ದಂಡ. ಸದನ ಏನು ಬಾಣಂತಿ ಕೋಣೆಯಾ, ಸರ್?"

ಇಲ್ಲಪ್ಪನವರು ಕೆಮ್ಮಿದರು.

"ಆ ಮಾತು ಹಿಂದಕ್ಕೆ ತಗೊಳ್ತೀರಾ?"

"ಸದನದಲ್ಲಿ ಆಡಿದ್ದನ್ನ ಮೊಗಸಾಲೇಲಿ ಹಿಂದಕ್ಕೆ ತಗೊಳ್ಳೋ ಪದ್ಧತಿ ಇಲ್ಲ."

"ಹಾಗಾದ್ರೆ ಒಳಗೆ ಹೋಗಿ ತಗೊಳ್ಳಿ!"

ತಗೊಂಡರು. ಎಳೆಮಕ್ಕಳ ತಾಯಿತಂದೆಯರು ಮನೆಯಲ್ಲೇ ಇದ್ದು ಸಹೋದ್ಯೋಗಿಯ ಕೈಯಿಂದ ಮತ ಹಾಕಿಸಬಹುದು ಎಂಬ ನಿಯಮ ಚರ್ಚೆಗೆ ಬಂದಾಗ, ಇಲ್ಲಪ್ಪನವರು ಎದ್ದು ಜ್ವರದ ಕೂಸಿನ ಕಥೆ ಹೇಳಿದರು. ಭಾಷಣದಲ್ಲಿ ಚರಂಡಿ ಬರಲೇ ಇಲ್ಲ. ಆಕಳಿಸುತ್ತಿದ್ದವರು ಬಾಯಿ ಮುಚ್ಚಿದರು. ಎರಡೂ ಕಡೆಯವರು ಮೇಜು ಕುಟ್ಟಿದರು. ಅಷ್ಟರಲ್ಲಿ ಗಂಟೆ. ಜೋಡಿ ಮೊಗಸಾಲೆಯ ಕೋಣೆಯಲ್ಲಿ ಹಾಲೂಡಿಸುತ್ತಿದ್ದಳು. ತಾನು ಗೆಲ್ಲಿಸಲಿದ್ದ ಏಕೈಕ ನಿಯಮಕ್ಕೆ ಮತ ಹಾಕದೆ, ಇಲ್ಲಪ್ಪನವರು ಹೊರಬಂದು ಬೆಂಚಿನ ಮೇಲೆ ಕುಳಿತರು.

ನಿಯಮ ಪಾಸಾಯಿತೆಂದು ಧ್ವನಿವರ್ಧಕ ಸಾರಿತು. ಆಕೆ ಓಡಿ ಬಂದಳು.

"ಗೆದ್ದುಬಿಟ್ರಿ ಸರ್! ನಾಳೆಯಿಂದ ನಾನಿಲ್ಲಿಗೆ ಬರಬೇಕಾಗೇ ಇಲ್ಲ. ನಿಮಗೂ ಬಿಡುಗಡೆ! ತಾತಂಗೆ ಟಾಟಾ ಮಾಡು ಪುಟ್ಟಾ."

ಇಲ್ಲಪ್ಪನವರಿಗೆ ವಿಷಯ ಹೊಳೆದದ್ದು ಆಗ.

"ಅಂತೂ ಒಂದು ಭಾಷಣ ಗೆದ್ದೆ," ಎಂದಳು ರಾತ್ರಿ ಅಕ್ಕ, "ಅದೂ ನಿನ್ನ ಕಾಲ ಮೇಲೆ ನೀನೇ ಚಪ್ಪಡಿ ಎಳ್ಕೊಂಡು." ಆಕೆ ಕಿವಿಯ ಯಂತ್ರವನ್ನು ತೆಗೆಯದೆ ಕಾದಳು. ಇಲ್ಲಪ್ಪನವರು ಗೋಡೆ ನೋಡುತ್ತ ಊಟ ಮುಗಿಸಿದರು.

ಮರುದಿನ ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಓಡಿದರು, ಇಲ್ಲಪ್ಪನವರ ಕಾಲುಗಳು ಅಭ್ಯಾಸಬಲದಿಂದ ಹೊರಗೆ ನಡೆದವು. ಬಾಗಿಲು ಮುಚ್ಚಿತು. ಅವರ ಪಕ್ಷ ಒಂದೇ ಒಂದು ಮತದಿಂದ ಸೋತಿತು.

ಸಚೇತಕ ಬೆಂಕಿಯಾಗಿ ಬಂದ. "ಯಾರಿಗೆ ಜೋಡಿ ಅಂತ ಇಲ್ಲಿ ಕೂತಿದ್ದೀರಿ? ಇದ್ದಾರೇನ್ರೀ ಇಲ್ಲಿ ಯಾರಾದ್ರೂ?"

"ಇಲ್ಲ," ಎಂದರು ಇಲ್ಲಪ್ಪನವರು.

ಚೀಲಕ್ಕೆಂದು ಬಿಟ್ಟಿದ್ದ ಅರ್ಧ ಬೆಂಚು ಪಕ್ಕದಲ್ಲಿ ಖಾಲಿಯಿತ್ತು. ಸಚೇತಕ ಅದರ ಮೇಲೆ ಧೊಪ್ಪೆಂದು ಕುಳಿತು ತಲೆಗೆ ಕೈ ಹಚ್ಚಿದ. ಇಲ್ಲಪ್ಪನವರು ಸರಿದು, ಅವನಿಗೂ ಇನ್ನು ಬಾರದ ಆ ಚೀಲಕ್ಕೂ ಸಾಲುವಷ್ಟು ಜಾಗ ಮಾಡಿಕೊಟ್ಟರು.