ವಾಟ್ಸಾಪಿಗೆ ಬಂದ ಎಮ್ಮೆಗಳು

ದನದ ಡಾಕ್ಟರಾಗಿ ನನಗಿದ್ದ ದೊಡ್ಡ ಸುಖವೆಂದರೆ ನನ್ನ ರೋಗಿಗಳಿಗೆ ಮಾತು ಬರುವುದಿಲ್ಲ ಎಂಬುದು. ಎಮ್ಮೆ ತನ್ನ ಹತ್ತು ವರ್ಷದ ನೋವಿನ ಕಥೆ ಹೇಳುತ್ತಾ ಕೂರುವುದಿಲ್ಲ. ಆಕಳು ನಾನು ಕೊಟ್ಟ ಗುಳಿಗೆ ಸರಿಯಿಲ್ಲ ಎಂದು ಜಗಳ ತೆಗೆಯುವುದಿಲ್ಲ. ಮೊದಲ ಕೆಲವು ವರ್ಷ ಹಾಗೇ ಶಾಂತವಾಗಿ ಕಳೆದವು. ಆಮೇಲೆ ದನ ಸಾಕುವ ಎಲ್ಲರ ಕೈಗೂ ದೊಡ್ಡ ಮೊಬೈಲು ಬಂತು. ಹುಕ್ಕೇರಿಯಿಂದ ಮೂಡಲಗಿಗೆ, ಮೂಡಲಗಿಯಿಂದ ಗೋಕಾಕಕ್ಕೆ ನನಗೆ ವರ್ಗವಾಯಿತು. ನಂಬರು ಮಾತ್ರ ಅದೇ ಉಳಿಯಿತು. ಹೀಗಾಗಿ ಮೂರೂ ಊರಿನ ದನಗಳು ಈಗ ನನ್ನ ಅಂಗಿಯ ಜೇಬಿನಲ್ಲೇ ಇವೆ, ವಾರಕ್ಕೊಂದಾದರೂ ಮುಂದೆ ಹೇಳುವಂಥದು ಆಗುತ್ತಲೇ ಇರುತ್ತದೆ.

ಬಾಯಿ ತೆಗೆದ ಫೋಟೋ

ಹುಕ್ಕೇರಿಯಲ್ಲಿದ್ದಾಗಿನ ಮಾತು. ಹಿಡಕಲ್ ಕಡೆಯ ಒಬ್ಬ ರೈತ ಫೋನ್ ಮಾಡಿದ. ಅವನ ಎಮ್ಮೆ ಎರಡು ದಿನದಿಂದ ಮೇವು ಮುಟ್ಟುತ್ತಿಲ್ಲ, ಒಂದೇ ಸಮನೆ ಜೊಲ್ಲು ಸುರಿಸುತ್ತಿದೆ. ಸುತ್ತಲಿನ ಊರುಗಳಲ್ಲಿ ಆಗ ಕಾಲುಬಾಯಿ ಬೇನೆ ಇತ್ತು. ನಾನೋ ಇನ್ನೊಂದು ಊರಿನಲ್ಲಿ ಈಯಲಾರದೆ ಒದ್ದಾಡುತ್ತಿದ್ದ ಆಕಳಿನ ಹತ್ತಿರ ನಿಂತಿದ್ದೆ. ಬಿಟ್ಟು ಬರುವ ಹಾಗಿರಲಿಲ್ಲ.

"ಬಾಯಾಗ ಗುಳ್ಳಿ ಎದ್ದಾವೇನು ನೋಡಬೇಕ್ರಿ. ಬಾಯಿ ದೊಡ್ಡದ ತಗದು, ಬೆಳಕಿಗೆ ಹಿಡದು ಒಂದ ಫೋಟೋ ಕಳಸ್ರಿ," ಎಂದೆ.

ಐದು ನಿಮಿಷಕ್ಕೆ ಫೋಟೋ ಬಂತು. ಬಾಯಿ ದೊಡ್ಡದಾಗಿಯೇ ತೆಗೆದಿತ್ತು. ಬೆಳಕೂ ಚೆನ್ನಾಗಿ ಬಿದ್ದಿತ್ತು. ಕಿರುನಾಲಿಗೆಯವರೆಗೆ ಎಲ್ಲ ಸ್ಪಷ್ಟ. ಆದರೆ ಬಾಯಿ ರೈತನದು. ಅವನ ಹೆಗಲ ಹಿಂದೆ ಎಮ್ಮೆ ಬಾಯಿ ಮುಚ್ಚಿಕೊಂಡು ನಿಂತಿತ್ತು.

"ಯಜಮಾನ್ರ, ನಿಮ್ಮದಲ್ರಿ, ಎಮ್ಮಿದು."

"ನನಗೂ ಸಂಶೆ ಬಂದಿತ್ರಿ," ಎಂದ ಅವನು. "ಮದಲ ಮಾಲಕನ್ನ ನೋಡ್ತಾರೇನೋ ಅನ್ಕೊಂಡ್ನಿ."

ಎರಡನೇ ಫೋಟೋದಲ್ಲಿ ಎಮ್ಮೆಯ ಬಾಯಿ ಬಂತು. ಗುಳ್ಳೆ ಎದ್ದಿದ್ದು ಖರೆ. ಸಂಜೆ ಹೋಗಿ ಸೂಜಿ ಹಾಕಿ ಔಷಧ ಕೊಟ್ಟೆ, ಮರುದಿನವೂ ಹೋದೆ. ಎಂಟು ದಿನಕ್ಕೆ ಅದು ಮತ್ತೆ ಮೇವು ತಿನ್ನತೊಡಗಿತು. ಕೊನೆಯ ದಿನ ಚಹಾ ಕುಡಿಯುವಾಗ ಅವನಿಗೆ ಒಂದು ಮಾತು ಹೇಳಿದೆ. "ನಿಮ್ಮ ಫೋಟೋನೂ ನೋಡೇನ್ರಿ. ತಂಬಾಕ ಬಿಡ್ರಿ. ವಸಡಿ ಪೂರಾ ಹಾಳಾಗ್ಯಾವ."

ಅವನು ಸ್ವಲ್ಪ ಹೊತ್ತು ಎಮ್ಮೆಯ ಕಡೆ ನೋಡಿದ. ಆಮೇಲೆ ನನ್ನ ಚೀಲದ ಕಡೆ ನೋಡಿದ.

"ಎಮ್ಮಿಗಿ ಹಾಕಿದ ಸೂಜಿ ಏನಾರ ಉಳದೈತೇನ್ರಿ?"

ಡಾಕ್ಟರರೇ ಕಳಿಸಿದ್ದು

ಮೂಡಲಗಿಗೆ ಬಂದ ಮೇಲೆ ಆದದ್ದು ಇದು. ನಾಗನೂರ ಕಡೆಯ ಒಂದು ಸಣ್ಣ ಊರಿಗೆ ಲಸಿಕೆ ಹಾಕಲು ಹೋದೆ. ಬರ್ಫದ ಪೆಟ್ಟಿಗೆಯಲ್ಲಿ ಊರಿನ ಎಲ್ಲ ದನಕ್ಕಾಗುವಷ್ಟು ಲಸಿಕೆ ಇತ್ತು. ಊರಲ್ಲಿ ಮಾತ್ರ ದನಗಳೇ ಇರಲಿಲ್ಲ. ದನ ಕಟ್ಟುವ ಗೋಠಾ ಎಲ್ಲ ಖಾಲಿ. ಮುಂಜಾನೆ ಮುಂಜಾನೆಯೇ ದನಗಳನ್ನು ಕಬ್ಬಿನ ಹೊಲದ ಆಚೆ ಹೊಡೆದುಬಿಟ್ಟಿದ್ದರು.

ಚಹಾದಂಗಡಿಯವನು ಸಂಕೋಚದಿಂದಲೇ ಹೇಳಿದ. "ಆಡಿಯೋ ಬಂದೈತ್ರಿ ಸರ. ಈ ಸೂಜಿ ಹಾಕ್ಸಿದ್ರ ಹಾಲು ಪೂರಾ ಬತ್ತತಾವಂತ."

ನನಗೆ ಸಿಟ್ಟು ಬಂತು. ಬಾಜೂ ಊರಲ್ಲಿ ಬೇನೆ ಕಾಲಿಟ್ಟಾಗಿತ್ತು, ಪೆಟ್ಟಿಗೆಯಲ್ಲಿ ಬರ್ಫ ಕರಗುತ್ತಿತ್ತು. ಈ ಸುಳ್ಳು ಹಬ್ಬಿಸಿದವನನ್ನು ಇವತ್ತು ಹಿಡಿದೇ ಹೋಗುತ್ತೇನೆ ಎಂದು ಹೊರಟೆ. ಚಹಾದಂಗಡಿಯವನಿಗೆ ಅದನ್ನು ಕಳಿಸಿದ್ದು ಕಟಿಂಗ್ ಅಂಗಡಿಯವನು. ಅವನಿಗೆ ಗಿರಣಿಯವನು. ಗಿರಣಿಯವನಿಗೆ ಹಾಲಿನ ಡೇರಿ ಸೆಕ್ರೆಟರಿ. ಡೇರಿಯ ಮುಂದೆ ನಿಂತಾಗ ನನ್ನ ಹಿಂದೆ ಅರ್ಧ ಊರೇ ನೆರೆದಿತ್ತು.

"ನಿಮಗ ಯಾರ್ ಕಳಿಸಿದ್ರು? ಹೆಸರ ಹೇಳ್ರಿ," ಎಂದೆ.

ಸೆಕ್ರೆಟರಿ ಮೊಬೈಲು ತೆಗೆದು ಬೆರಳಿನಿಂದ ಮೇಲೆ ಮೇಲೆ ಸರಿಸುತ್ತಾ ಹೋದ. ಒಂದು ಕಡೆ ನಿಂತ. ನನ್ನ ಮುಖ ನೋಡಿದ. ಮತ್ತೆ ಮೊಬೈಲು ನೋಡಿದ.

"ನೀವ ಅದೀರಲ್ರಿ ಸರ."

ಖರೆ. ಮೂರು ದಿನದ ಹಿಂದೆ ಆ ಆಡಿಯೋ ನನಗೂ ಬಂದಿತ್ತು. ಅದನ್ನು ಡೇರಿಯವರ ಗ್ರೂಪಿಗೆ ಹಾಕಿ, "ಇದು ಶುದ್ಧ ಸುಳ್ಳು, ಯಾರೂ ನಂಬಬೇಡಿ" ಎಂದು ಕೆಳಗೆ ಬರೆದಿದ್ದೆ.

"ಕೆಳಗ ಬರದಿದ್ದು ಓದಲಿಲ್ಲೇನ್ರಿ?"

"ನಾ ಓದೇನ್ರಿ. ಆದ್ರ ನಮ್ಮ ಮಂದಿ ಓದೂದಿಲ್ಲ, ಬರೇ ಕೇಳ್ತಾರ. ಅದಕ್ಕ ಆಡಿಯೋ ಅಷ್ಟ ಕಳಿಸ್ದೆ. ಡಾಕ್ಟರ್ ಸಾಹೇಬ್ರ ಕಳಿಸ್ಯಾರ ಅಂತ ಹೇಳೂದು ಮಾತ್ರ ಮರೀಲಿಲ್ರಿ."

ಅಲ್ಲೇ ನಿಂತು ನನ್ನ ದನಿಯಲ್ಲೇ ಹೊಸ ಆಡಿಯೋ ಮಾಡಿ ಊರ ಗ್ರೂಪಿಗೆ ಹಾಕಿಸಿದೆ. ಅರ್ಧ ತಾಸು ಕಾದೆವು. ಒಂದು ಕರುವೂ ಬರಲಿಲ್ಲ. ಹೊಸ ಆಡಿಯೋದಲ್ಲಿರುವ ದನಿ ಡಾಕ್ಟರರದಲ್ಲ, ಯಾರೋ ಡಾಕ್ಟರರ ಹಾಗೆ ಮಾತಾಡಿ ಮೋಸ ಮಾಡುತ್ತಿದ್ದಾರೆ ಎಂದು ಜನ ಬರೆದುಕೊಂಡಿದ್ದಾರೆ ಅಂತ ಸೆಕ್ರೆಟರಿಯೇ ಓದಿ ಹೇಳಿದ. ನಾನು ಅವನ ಎದುರಿಗೇ ನಿಂತಿದ್ದೆ.

ಅಷ್ಟರಲ್ಲಿ ಒಬ್ಬ ಮುದುಕಿ ಆಕಳು ಹಿಡಿದುಕೊಂಡು ಬಂದಳು. "ನಮ್ಮದಕ್ಕ ಹಾಕಪಾ. ನನ್ನ ಕಡೆ ಮೊಬೈಲ ಇಲ್ಲ, ನನಗ ಏನೂ ಗೊತ್ತಾಗೂದಿಲ್ಲ," ಎಂದಳು. ಹಾಕಿದೆ. ಉಳಿದ ಲಸಿಕೆಯನ್ನು ಡೇರಿಯ ಫ್ರಿಜ್ಜಿನಲ್ಲಿ ಇಡಿಸಿ ಸಂಜೆಯವರೆಗೂ ಅಲ್ಲೇ ಕೂತೆ. ಎಲ್ಲರ ಕಣ್ಣೆದುರಿಗೆ ಆ ಮುದುಕಿ ಹಾಲು ಹಿಂಡಿದಳು. ಚರಿಗೆ ತುಂಬಿತು. ಸೆಕ್ರೆಟರಿ ಅದನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ.

ಮರುದಿನ ಹೊತ್ತೇರುವ ಮೊದಲೇ ಊರಿನ ದನಗಳೆಲ್ಲ ಸಾಲು ಹಚ್ಚಿ ನಿಂತಿದ್ದವು. ಸುತ್ತಿ ಬಳಸಿ ಆ ವಿಡಿಯೋ ನನಗೂ ಬಂತು. "ಈ ಸೂಜಿ ಹಾಕಿಸಿದರೆ ಹಾಲು ಎರಡು ಪಟ್ಟು" ಎಂದು ಯಾರೋ ಕೆಳಗೆ ಬರೆದಿದ್ದರು.

ಅದು ಸುಳ್ಳು ಎಂದು ಯಾರಿಗೂ ಬರೆಯಲು ಹೋಗಲಿಲ್ಲ.

ದಿನಕ್ಕೊಂದು ಹೂ

ಗೋಕಾಕದಲ್ಲಿ ನಮ್ಮ ಓಣಿಯ ಕೊನೆಗೆ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಎರಡು ಆಕಳು ಕಟ್ಟಿದ್ದಾರೆ. ದಿನಾ ಮುಂಜಾನೆ ತಪ್ಪದೆ ಒಂದು ಹೂವಿನ ಚಿತ್ರ ಕಳಿಸುತ್ತಾರೆ, ಮೇಲೆ ಶುಭೋದಯ ಎಂದು ಬರೆದಿರುತ್ತದೆ. ಆ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತದೆ. ಬೈದುಕೊಂಡೇ ಏಳುತ್ತೇನೆ.

ಒಂದು ದಿನ ಹೂ ಬರಲಿಲ್ಲ. ಏಳು ಗಂಟೆಗೆ ಹೆಂಡತಿಯೇ ಕೇಳಿದಳು, "ಮಾಸ್ತರದು ಬಂದಿಲ್ಲಲ್ರಿ?" ಎಂಟಕ್ಕೆ ನನಗೂ ತಡೆಯಲಾಗಲಿಲ್ಲ. ನಾಷ್ಟಾ ಬಿಟ್ಟು ಓಡಿದೆ. ಮಾಸ್ತರರು ಕಟ್ಟೆಯ ಮೇಲೆ ಕೂತು ಆರಾಮಾಗಿ ಚಹಾ ಕುಡಿಯುತ್ತಿದ್ದರು.

"ಯಾಕ್ರಿ ಮಾಸ್ತರ, ಇವತ್ತ ಹೂ ಕಳಿಸಲಿಲ್ಲ?"

"ನೀವು ಒಂದ ದಿನಾನೂ ಹೊಳ್ಳಿ ಏನೂ ಬರೀಲಿಲ್ಲ. ನೋಡೂದಿಲ್ಲೇನೋ ಅಂತ ಬಿಟ್ನಿ," ಎಂದರು ಮಾಸ್ತರರು. "ನೀವು ಇಷ್ಟ ಹಚ್ಚಿಕೊಂಡೀರಿ ಅಂತ ನನಗ ಗೊತ್ತಿರಲಿಲ್ರಿ."

ಈಗ ಸಂಜೆಗೂ ಒಂದು ಬರುತ್ತದೆ.

ತಿಪ್ಪೆಯಲ್ಲಿ ಬಿದ್ದದ್ದು

ಗೋಕಾಕದ ಹತ್ತಿರ ಒಬ್ಬ ಹುರುಪಿನ ರೈತ ಒಂದು ಹೋರಿ ಸಾಕಿದ್ದಾನೆ. ಹೋರಿಯ ಹೆಸರಿನಲ್ಲಿ ಅವನು ದಿನಾ ರೀಲ್ಸ್ ಹಾಕುತ್ತಾನೆ. ಹೋರಿ ಮೈ ತೊಳೆಸಿಕೊಂಡದ್ದು, ಹೋರಿ ಹಿಂಡಿ ತಿಂದದ್ದು, ಹೋರಿ ಸುಮ್ಮನೆ ನಿಂತದ್ದು. ನೋಡುವವರು ಬಹಳ.

ಹೋರಿಗೆ ಜ್ವರ ಬಂದು ನನ್ನನ್ನು ಕರೆಸಿದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತ. "ಹಗ್ಗ ಎರಡೂ ಕೈಲೆ ಹಿಡೀರಿ," ಎಂದೆ. "ನೀವು ಸ್ವಲ್ಪ ಈ ಕಡೆ ಸರೀರಿ ಸರ, ಮಾರಿ ಮ್ಯಾಲ ಬೆಳಕ ಬೀಳವಲ್ದು," ಎಂದ. ನಾನು ಸರಿದೆ. ಹೋರಿ ಒದೆಯಿತು. ಹಿಂದಿದ್ದ ತಿಪ್ಪೆಯಲ್ಲಿ ಅಂಗಾತ ಬಿದ್ದೆ. ಸೂಜಿ ಮಾತ್ರ ಮಣ್ಣಾಗದಂತೆ ಕೈ ಮೇಲೆತ್ತಿ ಹಿಡಿದಿದ್ದೆ. ಎದ್ದು, ಹೋರಿಯನ್ನು ಕಂಬಕ್ಕೆ ಬಿಗಿಸಿ, ಅದೇ ಅವತಾರದಲ್ಲಿ ಸೂಜಿ ಹಾಕಿಯೇ ಬಂದೆ.

ಮನೆಯಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರು ತಾಲೂಕಿನವರೂ ನೋಡಿಯಾಗಿತ್ತು. ಹುಕ್ಕೇರಿಯಿಂದ ತಂಗಿ ಫೋನ್ ಮಾಡಿ, "ಅಣ್ಣಾ, ಪೆಟ್ಟಾತೇನೋ?" ಎಂದಳು. ಆಮೇಲೆ ನಗು ತಡೆಯಲಾರದೆ ಇಟ್ಟುಬಿಟ್ಟಳು. ಮೂಡಲಗಿಯ ಹಳೆಯ ರೈತರು ಒಬ್ಬೊಬ್ಬರಾಗಿ ವಿಚಾರಿಸಿಕೊಂಡರು.

ಸಂಜೆ ನಮ್ಮ ಮೇಲಿನ ಸಾಹೇಬರ ಫೋನ್ ಬಂತು. ಇಲಾಖೆಯ ಮರ್ಯಾದೆ ಹೋಯಿತು ಎಂದು ಬೈಯುತ್ತಾರೆಂದು ನಿಂತುಕೊಂಡೇ ಎತ್ತಿದೆ.

"ವಿಡಿಯೋ ನೋಡಿದ್ನಿ," ಎಂದರು. "ಏಳ ಸಲ ನೋಡೇನಿ."

"ಸರ, ಅದು ಹೆಂಗಾತಂದ್ರ..."

"ಅದಿರಲಿ. ಕಾಲಾಗ ಚಪ್ಪಲ್ ಅದಾವು. ಆಫೀಸಿನಿಂದ ಕೊಟ್ಟ ಗಂಬೂಟ್ ಎಲ್ಲಿ?"

"ತೊಳದು ಒಣಗಾಕ ಇಟ್ಟೇನ್ರಿ ಸರ."

"ಹೌದೇನು," ಎಂದು ಸಾಹೇಬರು ಫೋನ್ ಇಟ್ಟರು.

ನನ್ನ ಹೆಂಡತಿ ಆ ಗಂಬೂಟು ಹಾಕಿಕೊಂಡು ಹಿತ್ತಲಿನ ಮೆಂತ್ಯೆಗೆ ನೀರು ಬಿಡುವ ಫೋಟೋ ಮುಂಜಾನೆಯಿಂದ ಅವಳ ಸ್ಟೇಟಸ್ಸಿನಲ್ಲಿತ್ತು. ನಾನು ನೋಡಿರಲಿಲ್ಲ. ಸಾಹೇಬರ ಮನೆಯವರು ನೋಡಿದ್ದರು.

ಎಮ್ಮೆಗೆ ವಿಡಿಯೋ ಕಾಲ್

ಊರ ಹೊರಗಿನ ತೋಟದ ಮನೆಯೊಂದರಲ್ಲಿ ಅತ್ತೆ, ಮಾವ, ಮಗ, ಸೊಸೆ ಇದ್ದಾರೆ. ಎಮ್ಮೆಯ ಕೆಲಸವೆಲ್ಲ ಸೊಸೆಯದು. ಗೋಠಾದ ಗೋಡೆಯ ಗೂಡಿನಲ್ಲಿ ಮೊಬೈಲು ಇಟ್ಟು, ನಗೆಯ ವಿಡಿಯೋ ಹಚ್ಚಿ, ನಗುತ್ತಾ ಹಾಲು ಹಿಂಡುವುದು ಅವಳ ರೂಢಿ. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಹೋದಾಗಲೆಲ್ಲ, "ಮೊಬೈಲ ಹುಚ್ಚಿಗಿ ಏನಾರ ಔಷಧ ಐತೇನ್ರಿ ಡಾಕ್ಟರ್ರ?" ಎಂದು ಅವಳಿಗೆ ಕೇಳುವಂತೆಯೇ ಕೇಳುತ್ತಿದ್ದರು.

ಒಂದು ದಿನ ಮಾತಿಗೆ ಮಾತು ಬೆಳೆಯಿತು. "ಆ ಮೊಬೈಲ ಈ ಮನ್ಯಾಗ ಇರಬಾರದು," ಎಂದರು ಅತ್ತೆ. ಸೊಸೆ ಮೊಬೈಲು ತೆಗೆದುಕೊಂಡು ಕೊಣ್ಣೂರಿನ ತವರಿಗೆ ಹೊರಟುಹೋದಳು. ಮಗ ಕರೆಯಲು ಹೋದ. "ಅತ್ತಿ ಕರೀಲಿ, ಬರ್ತೇನಿ," ಎಂದಳಂತೆ. ಅತ್ತೆ ಕರೆಯಲಿಲ್ಲ.

ನಾಲ್ಕನೆಯ ದಿನ ನನಗೆ ಫೋನ್ ಬಂತು. ಎಮ್ಮೆ ಹಾಲು ಬಿಡುತ್ತಿಲ್ಲ, ಹತ್ತಿರ ಹೋದರೆ ಒದೆಯುತ್ತದೆ. ಹಾಲು ಒಳಗೇ ನಿಂತರೆ ಕೆಚ್ಚಲು ಬಾವು ಬರುತ್ತದೆ, ಒಳ್ಳೆಯ ಎಮ್ಮೆ ಹಾಳಾಗುತ್ತದೆ. ಕೂಡಲೇ ಹೋದೆ. ಜ್ವರ ಇರಲಿಲ್ಲ, ಗಾಯವೂ ಇರಲಿಲ್ಲ. ಕೆಚ್ಚಲು ಮಾತ್ರ ಬಿಗಿದಿತ್ತು.

"ಈ ನಾಕ ದಿನದಾಗ ಮೇವು, ಜಾಗಾ, ಏನಾರ ಬದಲಾಗೈತೇನ್ರಿ ಅವ್ವಾರ?"

"ಏನೂ ಬದಲಾಗಿಲ್ರಿ."

ಹೊರಸಿನ ಮೇಲೆ ಕೂತಿದ್ದ ಮಾವ ಮೆಲ್ಲಗೆ, "ಸೊಸಿ ಇಲ್ರಿ," ಎಂದರು. ಅತ್ತೆ ಅವರ ಕಡೆ ತಿರುಗಿ ನೋಡಿದರು. ಮಾವ ಆಕಾಶ ನೋಡಿದರು.

ನನ್ನ ಮೊಬೈಲಿನಲ್ಲಿ ಅಂಥದೇ ಒಂದು ನಗೆಯ ವಿಡಿಯೋ ಹಚ್ಚಿ ಗೂಡಿನಲ್ಲಿಟ್ಟೆ. ಎಮ್ಮೆ ಕಿವಿ ನಿಗುರಿಸಿತು. ಹಾಲು ಬಿಡಲಿಲ್ಲ.

"ವಿಡಿಯೋಕ್ಕ ಅಲ್ರಿ ಅದು," ಎಂದರು ಮಾವ ಮತ್ತೆ. "ಆಕಿ ನಗೂ ಸಪ್ಪಳಕ್ಕ ಬಿಡ್ತೈತಿ."

 ಆಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ, "ನೀವ ಹಚ್ರಿ ಫೋನ್," ಎಂದರು. ಮಾವ ನಂಬರು ಹೇಳಿದರು. ಅವರಿಗೆ ಬಾಯಿಪಾಠ ಇತ್ತು. ವಿಡಿಯೋ ಕಾಲ್ ಹಚ್ಚಿ ಸೊಸೆಗೆ ಎಲ್ಲ ತಿಳಿಸಿದೆ.

"ಎಮ್ಮಿ ಸಲುವಾಗಿ ನಗ್ತೇನ್ರಿ," ಎಂದಳು. "ಆದ್ರ ಅತ್ತಿ ಕೇಳಬೇಕು."

ಮೊಬೈಲು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಅದನ್ನು ಬಿಸಿ ಪಾತ್ರೆಯಂತೆ ದೂರ ಹಿಡಿದು, "ನಗಬೇಕಂತ," ಎಂದರು.

"ನಗು ಬರಬೇಕಲ್ರಿ ಅತ್ತಿ. ಸುಮ್ಮನ ಹೆಂಗ ನಗೂದು?"

ಅತ್ತೆ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಚರಿಗೆ ಹಿಡಿದು ಎಮ್ಮೆಯ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಎಮ್ಮೆ ಬಾಲ ಬೀಸಿತು. ಬಾಲ ಅವರ ಕೆನ್ನೆಗೆ ಬಿತ್ತು, ತಲೆಯ ಮೇಲಿನ ಸೆರಗು ಹಾರಿ ಮೇವು ಹಾಕುವ ಗ್ವಾದಲಿಯಲ್ಲಿ ಬಿತ್ತು. ಎಮ್ಮೆ ಅದನ್ನು ಮೇವೆಂದು ತಿಳಿದು ಬಾಯಿ ಹಾಕಿತು. ಅತ್ತೆ ಈ ಕಡೆಯಿಂದ ಸೆರಗು ಎಳೆದರು, ಎಮ್ಮೆ ಆ ಕಡೆಯಿಂದ ಎಳೆಯಿತು. ಕೊಣ್ಣೂರಿನಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಆ ಸಪ್ಪಳ ಕೇಳಿದ್ದೇ ಎಮ್ಮೆ ಸೆರಗು ಬಿಟ್ಟು ಮೊಬೈಲಿನ ಕಡೆ ತಿರುಗಿ ನಿಂತಿತು. ಕೆಚ್ಚಲು ಸಡಿಲಾಯಿತು. ನಾನು ಮೊಬೈಲು ಹಿಡಿದೆ, ಅತ್ತೆ ಎರಡೂ ಕೈಯಲ್ಲಿ ಹಿಂಡಿದರು. ಹಿಂಡುತ್ತಾ ಹಿಂಡುತ್ತಾ ಅವರಿಗೂ ನಗು ಬಂತು. ತಡೆದು ನೋಡಿದರು, ಆಗಲಿಲ್ಲ.

ಚರಿಗೆ ತುಂಬಿದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು. "ಅತ್ತಿ, ನಾ ಯಾವಾಗ ಬರ್ಲಿ?"

"ನಾ ಎಲ್ಲಿ ಬಾ ಅಂದೇನಿ?" ಎಂದರು ಅತ್ತೆ, ಒದ್ದೆ ಸೆರಗು ಹಿಂಡುತ್ತಾ. "ಎಮ್ಮಿ ಕರಿಯಾಕತ್ತೈತಿ."

"ಹಂಗಾರ ಎಮ್ಮಿಗಿ ಕೇಳ್ರಿ. ಬಂದ್ರ ಮೊಬೈಲ ತಗೊಂಡ ಬರ್ತೇನಿ. ನಡೀತೈತೇನಂತ?"

ಅತ್ತೆ ನನ್ನ ಕಡೆ ನೋಡಿದರು, ಗಂಡನ ಕಡೆ ನೋಡಿದರು. ಆಮೇಲೆ ಎಮ್ಮೆಯ ಕಿವಿಯ ಹತ್ತಿರ ಬಾಗಿ, ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡವರಂತೆ ತಲೆಯಾಡಿಸಿದರು.

"ಚಾರ್ಜರ್ ಮರೀಬ್ಯಾಡ ಅನ್ನಾಕತ್ತೈತಿ," ಎಂದರು.