ಕಣದಲ್ಲಿ ಒಣಗಿದ ಹಾರ್ಡ್ ಡಿಸ್ಕ್

ನಮ್ಮ ಚಿಕ್ಕಪ್ಪನ ಕೈಗೆ ದಯವಿಟ್ಟು ಯಾವ ಹೊಸ ವಸ್ತುವನ್ನೂ ಕೊಡಬೇಡಿ. ಕೊಟ್ಟರೆ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಆಮೇಲೆ ಅದೇನೆಂದು ಕೇಳುತ್ತಾರೆ. ತೆಂಗಿನಕಾಯಿಯಾದರೆ ಸರಿ, ಎಲ್ಲರೂ ಅಲ್ಲಾಡಿಸುತ್ತಾರೆ. ಆದರೆ ಟಿವಿ ರಿಮೋಟು? ಮಾತ್ರೆ ಡಬ್ಬಿ? ನಾನು ಪ್ರೀತಿಯಿಂದ ತಂದುಕೊಟ್ಟ ಕೈಗಡಿಯಾರ?

ಅವರ ತಪ್ಪೂ ಅಲ್ಲ ಬಿಡಿ. ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಅರ್ಧ ಆಯುಷ್ಯವನ್ನು ಕಾಫಿ ಕಣದಲ್ಲೇ ಕಳೆದವರು. ಸಿಪ್ಪೆ ಸಮೇತ ಒಣಹಾಕಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಬೇಕು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಮೂಟೆ ಕಟ್ಟಬಹುದು. ಅನ್ನದಿದ್ದರೆ ಇನ್ನೂ ಬಿಸಿಲು ಬೇಕು. ಚಿಕ್ಕಪ್ಪ ಈ ಶಾಸ್ತ್ರವನ್ನು ಇಡೀ ಲೋಕಕ್ಕೆ ಅನ್ವಯಿಸಿಬಿಟ್ಟಿದ್ದಾರೆ, ಅಷ್ಟೆ! ಮಗಳ ನಿಶ್ಚಿತಾರ್ಥದಲ್ಲಿ ಬೀಗರು ಕೊಟ್ಟ ಉಡುಗೊರೆಯ ಪೆಟ್ಟಿಗೆಯನ್ನೂ ಎಲ್ಲರೆದುರು ಅಲ್ಲಾಡಿಸಿದರು. ಒಳಗಿದ್ದದ್ದು ಗಾಜಿನ ಲೋಟಗಳು. ಮೊದಲ ಸಲ ಸದ್ದು ಬರಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದರು. ಈ ಸಲ ಚೆನ್ನಾಗಿಯೇ ಸದ್ದು ಬಂತು.

ಆ ಮದುವೆ ಹತ್ತಿರ ಬಂದಾಗಲೇ ಹಾರ್ಡ್ ಡಿಸ್ಕಿನ ಪ್ರಕರಣ ನಡೆದದ್ದು. ನೆಂಟರ ಮದುವೆಗಳಲ್ಲಿ ಚಿಕ್ಕಪ್ಪ ಹಿಡಿದ ವಿಡಿಯೋಗಳೆಲ್ಲ ಇರುವುದು ಆ ಕರಿಯ ಡಬ್ಬಿಯಲ್ಲಿ. ಮುಕ್ಕಾಲು ಪಾಲು ಊಟದ ಎಲೆಗಳೇ! ಆದರೆ ಆ ಎಲೆಗಳ ನಡುವೆ ಎಲ್ಲೋ ಚಿಕ್ಕಮ್ಮನ ಹಾಡಿತ್ತು. ಮದುಮಗಳನ್ನು ಹಸೆಗೆ ಕರೆಯುವ ಸೋಬಾನೆ. ಹಾನುಬಾಳಿನಿಂದ ಬೆಳಗೋಡಿನವರೆಗೆ ಅವರು ಹಸೆಗೆ ಕರೆದ ಹೆಣ್ಣುಮಕ್ಕಳೆಷ್ಟೋ. ನನ್ನನ್ನೂ ಅವರೇ ಕರೆದದ್ದು. ನನ್ನ ಮದುವೆಯ ವಿಡಿಯೋದವನು ಆ ಹಾಡನ್ನು ಅಳಿಸಿ ಅದರ ಮೇಲೆ ಯಾವುದೋ ಸಿನಿಮಾ ಸಂಗೀತ ಅಂಟಿಸಿದ್ದ, ಪುಣ್ಯಾತ್ಮ! ಚಿಕ್ಕಪ್ಪ ಹಿಡಿದದ್ದೊಂದೇ ಉಳಿದಿತ್ತು.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಚಿಕ್ಕಮ್ಮನ ದನಿ ಹೋಗಿಬಿಟ್ಟಿತು. ಈಗ ಪಿಸುಮಾತು ಮಾತ್ರ. ಊರ ಮಕ್ಕಳನ್ನೆಲ್ಲ ಕರೆದವರಿಗೆ ಸ್ವಂತ ಮಗಳ ಸರದಿ ಬಂದಾಗ ದನಿಯಿಲ್ಲ. ಅಮ್ಮ ಕರೆಯದಿದ್ದರೆ ಹಸೆಗೆ ಹೇಗೆ ಹೋಗಲಿ ಎಂದು ಮಗಳು ಮಂಕಾಗಿದ್ದಳು. ಹಳೆಯ ಹಾಡನ್ನಾದರೂ ಹಾಕೋಣವೆಂದು ನಾನು ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ತೆರೆಯಲಿಲ್ಲ. ಒಳಗಿಂದ ಟಕ್ ಟಕ್ ಎಂಬ ಸದ್ದು ಮಾತ್ರ.

ಸದ್ದು ಬಂದಮೇಲೆ ಚಿಕ್ಕಪ್ಪ ಸುಮ್ಮನಿರುತ್ತಾರೆಯೇ? ವೈರಿನ ಸಮೇತ ಎತ್ತಿ ಕಿವಿಗೆ ಹಿಡಿದರು. "ಗಲಗಲ ಅಂತಿಲ್ಲ, ಟಕ್ ಟಕ್ ಅಂತೈತೆ. ಅರೆಬರೆ ಒಣಗೈತೆ ಕಣವ್ವ. ಒಂದು ಬಿಸಿಲು ಬೇಕು."

ಅದು ಕಾಫಿಯಲ್ಲ, ಒಳಗೆ ನಾಜೂಕಾದ ತಟ್ಟೆಗಳು ತಿರುಗುತ್ತವೆ, ಅಲ್ಲಾಡಿಸಬಾರದು ಎಂದು ನಾನು ತಿಳಿಹೇಳಿದೆ. ಆಲೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುವವಳು ನಾನು, ವಿವರಿಸುವುದು ಅಭ್ಯಾಸ. ಚಿಕ್ಕಪ್ಪ ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ನಾನು ಊಟಕ್ಕೆ ಕೂತು ಏಳುವಷ್ಟರಲ್ಲಿ ಡಿಸ್ಕು ಮನೆಯೆದುರಿನ ಕಣದಲ್ಲಿ, ರೋಬಸ್ಟಾ ಕಾಫಿಯ ನಡುವೆ ಬಿಸಿಲು ಕಾಯಿಸುತ್ತಿತ್ತು! ಹಲಗೆಯಿಂದ ಕಾಫಿ ಕೆದಕುತ್ತಿದ್ದ ಆಳು ಹೆಂಗಸು ಅದನ್ನೂ ಒಮ್ಮೆ ಮಗುಚಿ ಹಾಕಿದ್ದಳು. ಎರಡೂ ಮಗ್ಗುಲು ಒಣಗಬೇಕಲ್ಲ ಎಂದು ಚಿಕ್ಕಪ್ಪ ಅವಳನ್ನೇ ಮೆಚ್ಚಿಕೊಂಡರು. ಚಿಕ್ಕಮ್ಮ ಮಾತ್ರ ಬರಿಗಾಲಲ್ಲಿ ಓಡಿಹೋಗಿ ಅದನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡರು. ಅವರ ಮುಖ ನೋಡಿದಮೇಲೆ ನನಗೆ ನಗಲು ಆಗಲಿಲ್ಲ.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯ ಭಾಯ್ ಒಬ್ಬರಿದ್ದಾರೆ. ಅವರು ಒಂದೇ ಗಳಿಗೆ ಸದ್ದು ಕೇಳಿ ವೈರು ಕಿತ್ತರು. ಇನ್ನು ಯಾರೂ ಇದನ್ನು ಚುಚ್ಚಬೇಡಿ, ಪ್ರತಿ ಸಲ ಚುಚ್ಚಿದಾಗಲೂ ಇನ್ನಷ್ಟು ಹಾಳಾಗುತ್ತದೆ ಎಂದರು. ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಳ್ಳುತ್ತಾರಂತೆ, ಕೆಟ್ಟ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಾರಂತೆ, ಕೊನೆಗೆ ಅಲ್ಲಿಗೆ ಮರಳಿ ಬರುತ್ತಾರಂತೆ. ಹಾಡು ಸಿಗುವ ಭರವಸೆ ಮಾತ್ರ ಕೊಡಲಿಲ್ಲ.

"ಹಣ್ಣು ಮೊದ್ಲು ಕುಯ್ಕೊಂಡು ಕಾಯಿಗೆ ಆಮೇಲೆ ಬರೋದು," ಎಂದರು ಚಿಕ್ಕಪ್ಪ. "ನಿಂದೂ ಕಾಫಿ ಕುಯ್ಲೇ ಬಿಡು ಮಾರಾಯ."

ಮಾರನೆಯ ದಿನದಿಂದ ಮೊದಲ ಬಸ್ಸಿಗೇ ಹೋಗಿ ಕುಯ್ಲಿನ ಮೇಲ್ವಿಚಾರಣೆಗೆ ಕೂತರು! ಸುಮ್ಮನೆ ಕೂತಿದ್ದರೆ ಚೆನ್ನಾಗಿತ್ತು. ಯಾರೋ ಗಿರಾಕಿ ಪ್ರಿಂಟರಿನ ಇಂಕು ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ಮುಂದಿನದನ್ನು ನಾನು ಹೇಳಬೇಕೆ? ಮದುವೆಗೆಂದು ಹೊಲಿಸಿದ ಬಿಳಿ ಶರ್ಟು ಅಂದೇ ಕಪ್ಪಾಯಿತು. ಭಾಯ್ ಚಿಕ್ಕಪ್ಪನನ್ನು ಗೌರವದಿಂದ ಎದುರಿನ ಚಹಾದಂಗಡಿಗೆ ವರ್ಗ ಮಾಡಿದರು.

ಕೊನೆಗೊಂದು ದಿನ ಭಾಯ್ ಫೋನು ಮಾಡಿದರು. ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂವರೂ ಓಡಿದೆವು. ಎಷ್ಟೋ ವಿಡಿಯೋ ಹಾಳಾಗಿದ್ದವು. ಒಂದನ್ನು ಭಾಯ್ ತೆರೆದರು. ಪರದೆಯ ಮೇಲೆ ಹೋಳಿಗೆ ಕಂಡಿತು. ಇದೂ ಊಟದ ಎಲೆಯೇ ಎಂದುಕೊಂಡೆ. ಅಷ್ಟರಲ್ಲಿ ವಿಡಿಯೋದೊಳಗಿಂದ ಚಿಕ್ಕಮ್ಮನ ಕಂಚಿನಂಥ ದನಿ ಬಂತು. "ಆ ಹೋಳಿಗೆ ಏನು ಹಿಡೀತೀರಿ, ಇತ್ಲಾಗ್ ಬನ್ನಿ ಅಂದ್ರೆ. ಒಂದ್ಸಲ ಹೇಳಿದ್ರೆ ತಿಳಿಯಾಕಿಲ್ವಾ ನಿಮ್ಗೆ?" ಅದರ ಹಿಂದೆಯೇ ಹಾಡು ಶುರುವಾಯಿತು. ಒಂದು ಸಾಲೂ ತುಂಡಾಗದೆ ಇಡೀ ಹಾಡಿತ್ತು. ಫೋನಿನಲ್ಲಿ ಅವರ ಮಗಳಿಗೂ ಕೇಳಿಸಿದೆ. ಅವಳು ಇನ್ನೊಂದು ಸಲ ಹಾಕು ಎಂದಳು.

ಶುರುವಿನ ಬೈಗುಳ ಕತ್ತರಿಸಿ ಹಾಡನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಡಲೇ ಎಂದು ಭಾಯ್ ಕೇಳಿದರು.

"ಮದ್ವೆಗೆ ಹಾಡಷ್ಟೇ ಸಾಕು," ಎಂದರು ಚಿಕ್ಕಪ್ಪ. "ಬೈದಿದ್ದನ್ನ ನನ್ನ ಮೊಬೈಲಿಗೆ ಹಾಕ್ಕೊಡಿ ಭಾಯ್. ಒಂದು ವರ್ಷದಿಂದ ಮನೆ ಬಣಬಣ ಅಂತೈತೆ."

ಚಿಕ್ಕಮ್ಮ ಅವರ ತೋಳು ಹಿಡಿದೆಳೆದು ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಏನಂದರು ಎಂದು ನಾನು ಕೇಳಿದೆ.

"ಬೈದ್ಲು ಕಣವ್ವ," ಎಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು.